ಮಗ್ಗದ ಸದ್ದಿಗೆ ಕಿಕ್ ಕೂಡಿಸಿದ್ದು: ನನ್ನ ಮೊದಲ ಮಿನಿಮಲ್ ಟೆಕ್ನೋ ಆಲ್ಬಂ

ಎರಡು ತಿಂಗಳು ನಾನು ತಪ್ಪು ಜಾಗದಲ್ಲಿ ಕೂತು ಕೇಳುತ್ತಿದ್ದೆ.

ಬರ್ಲಿನ್‌ನ ನಾಯ್‌ಕೋಲ್ನ್ ಭಾಗದಲ್ಲಿ, ಲಿಫ್ಟ್ ಇಲ್ಲದ ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ನನ್ನ ಮನೆ. ಅದರಲ್ಲಿ 3.4 ಮೀಟರ್ ಉದ್ದದ ಒಂದು ರೂಮು. ಹಗಲೆಲ್ಲ ಸಾಫ್ಟ್‌ವೇರ್ ಕೆಲಸ. ಸಂಜೆ ಆರರ ಮೇಲೆ ಆ ರೂಮಿನಲ್ಲಿ ಸಂಗೀತ. ಮೇಜನ್ನು ಗೋಡೆಗೆ ಒತ್ತಿ, ಅದರ ಮೇಲೆ ಎರಡು ಸ್ಪೀಕರ್ ಇಟ್ಟು, ಕುರ್ಚಿಯನ್ನು ರೂಮಿನ ನಟ್ಟನಡುವೆ ಹಾಕಿಕೊಂಡಿದ್ದೆ. ಟೆಕ್ನೋ ಅಂದರೆ ಯಂತ್ರಗಳಲ್ಲಿ ಮಾಡುವ ನೃತ್ಯ ಸಂಗೀತ. ಅದರಲ್ಲಿ ಕಿಕ್ ಡ್ರಮ್, ಅಂದರೆ ಒಂದೇ ಸಮ ಬೀಳುವ ದಪ್ಪ ಏಟು, ಅದೇ ತಳಪಾಯ. ನನ್ನ ಕಿಕ್‌ಗೆ ಮೈಯೇ ಇರಲಿಲ್ಲ. ಟಕ್ ಅನ್ನುತ್ತಿತ್ತು, ಧಿಮ್ ಅನ್ನುತ್ತಿರಲಿಲ್ಲ. ದಿನಾ ಸ್ವಲ್ಪ ಸ್ವಲ್ಪ ಬೇಸ್ ಏರಿಸಿದೆ. ಹೆಡ್‌ಫೋನ್ ಹಾಕಿದರೆ ಕಿಕ್ ವಿಪರೀತ ದಪ್ಪಗೆ ಕೇಳುತ್ತಿತ್ತು. ಹೆಡ್‌ಫೋನಿನಲ್ಲೇ ಏನೋ ದೋಷ ಇರಬೇಕು ಅಂದುಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಲೂಪ್ (ಮರಳಿ ಮರಳಿ ಬರುವ ತುಣುಕು) ಓಡುತ್ತಿರುವಾಗಲೇ ಕಾಫಿಗೆ ಎದ್ದೆ. ಬಾಗಿಲ ಹತ್ತಿರ ಬರುತ್ತಿದ್ದ ಹಾಗೆ ಎದೆಗೆ ಗುದ್ದಿದಂತಾಯಿತು. ಕಪಾಟಿನ ಗಾಜು ಅದುರುತ್ತಿತ್ತು. ವಾಪಸ್ ಬಂದು ಕುರ್ಚಿಯಲ್ಲಿ ಕೂತೆ, ಕಿಕ್ ಮಾಯ. ಮತ್ತೆ ಬಾಗಿಲಿಗೆ ಹೋದೆ, ಕಿಕ್ ಹಾಜರು. ಏಳೆಂಟು ಸಲ ಹೀಗೆ ಓಡಾಡಿದೆ.

ಆಮೇಲೆ ಲೆಕ್ಕ ಹಾಕಿದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 3.4 ಮೀಟರ್ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಬಡಿದು ನಿಲ್ಲುವ ಮೊದಲ ಅಲೆ ಹತ್ತಿರ ಹತ್ತಿರ 50 ಹರ್ಟ್ಸ್. ನನ್ನ ಕಿಕ್ಕನ್ನು ನಾನು ಶ್ರುತಿ ಮಾಡಿದ್ದು 49ಕ್ಕೆ. ಆ ಅಲೆ ಗೋಡೆಗಳ ಹತ್ತಿರ ಉಬ್ಬುತ್ತದೆ, ನಟ್ಟನಡುವೆ ಇಲ್ಲವಾಗುತ್ತದೆ. ನನ್ನ ಕುರ್ಚಿ ಇದ್ದದ್ದು ಸರಿಯಾಗಿ ಅಲ್ಲೇ. ಎರಡು ತಿಂಗಳ ಮಿಕ್ಸೆಲ್ಲ ಆ ರಾತ್ರಿಯೇ ಅಳಿಸಿದೆ. ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದೆ. ಮೂಲೆಗಳಲ್ಲಿ ದಪ್ಪ ಹತ್ತಿಯ ಹಾಸಿಗೆ ಸುರುಳಿಗಳನ್ನು ನಿಲ್ಲಿಸಿದೆ. ಕಿಕ್ಕನ್ನು 55ಕ್ಕೆ ಏರಿಸಿದೆ. ನನ್ನ ಲೆಕ್ಕಕ್ಕೆ ಆಲ್ಬಂ ಶುರುವಾದದ್ದೇ ಆ ರಾತ್ರಿ. ಅದಕ್ಕೂ ಮುಂಚೆ ನಾನು ಕೇಳುತ್ತಿದ್ದದ್ದು ರೂಮನ್ನು, ನನ್ನ ಸಂಗೀತವನ್ನಲ್ಲ.

ಮಿನಿಮಲ್ ಟೆಕ್ನೋ ಅಂದರೆ ಏನು ಅಂತ ಊರಿನ ಗೆಳೆಯರು ಕೇಳುತ್ತಾರೆ. ಟೆಕ್ನೋ ಹುಟ್ಟಿದ್ದು ಅಮೆರಿಕದ ಡೆಟ್ರಾಯ್ಟ್‌ನಲ್ಲಿ, 1980ರ ದಶಕದಲ್ಲಿ. ಅದು ಕಾರು ಕಾರ್ಖಾನೆಗಳ ಊರು. ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪು ಯುವಕರು ಅದಕ್ಕೆ ದಾರಿ ಹಾಕಿದರು. 1990ರ ದಶಕದ ಮೊದಲ ವರ್ಷಗಳಲ್ಲಿ ಟೆಕ್ನೋದ ವೇಗವೂ ಗದ್ದಲವೂ ಏರುತ್ತಾ ಹೋಯಿತು. ಆಗ ಅದೇ ಡೆಟ್ರಾಯ್ಟ್‌ನ ರಾಬರ್ಟ್ ಹುಡ್ ಉಲ್ಟಾ ದಾರಿ ಹಿಡಿದರು. ಒಂದು ಕಿಕ್, ಒಂದು ಹೈ-ಹ್ಯಾಟ್ (ತಾಳ ಬಡಿದಂಥ ಸದ್ದು), ಎರಡು ಮೂರು ಸ್ವರದ ಒಂದು ತುಣುಕು, ಅಷ್ಟೇ. 1994ರಲ್ಲಿ ಬಂದ ಅವರ ರೆಕಾರ್ಡನ್ನು ಈ ದಾರಿಯ ಮೈಲಿಗಲ್ಲು ಅಂತ ಇವತ್ತಿಗೂ ಹೇಳುತ್ತಾರೆ. ಡೆಟ್ರಾಯ್ಟ್ ನದಿಯ ಆಚೆ ದಡದಲ್ಲಿ, ಕೆನಡಾದ ವಿಂಡ್ಸರ್‌ನಲ್ಲಿ, ರಿಚಿ ಹಾಟಿನ್ ಕೂಡ ಅದೇ ಹೊತ್ತಿಗೆ ಸದ್ದುಗಳನ್ನು ಕಡಿಮೆ ಮಾಡುತ್ತಾ ಹೋದರು. ಇಲ್ಲಿ ಬರ್ಲಿನ್‌ನಲ್ಲಿ ಮಾರ್ಕ್ ಅರ್ನೆಸ್ಟಸ್ 1989ರಲ್ಲಿ ಹಾರ್ಡ್ ವ್ಯಾಕ್ಸ್ ಎಂಬ ರೆಕಾರ್ಡ್ ಅಂಗಡಿ ತೆರೆದಿದ್ದರು. 1993ರಲ್ಲಿ ಅವರೂ ಮೊರಿಟ್ಸ್ ಫಾನ್ ಓಸ್ವಾಲ್ಡ್ ಅವರೂ ಸೇರಿ ಬೇಸಿಕ್ ಚಾನೆಲ್ ಎಂಬ ಹೆಸರಿನಲ್ಲಿ ಸಂಗೀತ ಶುರು ಮಾಡಿದರು. ಒಂದೇ ಸ್ವರಗುಚ್ಛ, ಅದರ ಪ್ರತಿಧ್ವನಿ, ಆ ಪ್ರತಿಧ್ವನಿಯ ಮಂಜು. ಅದನ್ನು ಮೊದಲ ಸಲ ಕೇಳಿದ ದಿನ ನಾನು ಯು-ಬಾನ್ ರೈಲಿನಲ್ಲಿ ನನ್ನ ಸ್ಟೇಷನ್ ದಾಟಿ ನಾಲ್ಕು ಸ್ಟೇಷನ್ ಮುಂದೆ ಹೋಗಿದ್ದೆ.

ನನಗೆ ಅದು ಹೊಸದು ಅನ್ನಿಸಲೇ ಇಲ್ಲ. ಅದಕ್ಕೆ ಕಾರಣ ಇದೆ.

ನಾನು ಹುಟ್ಟಿ ಬೆಳೆದದ್ದು ದೊಡ್ಡಬಳ್ಳಾಪುರದಲ್ಲಿ, ಮಗ್ಗದ ಮನೆಯಲ್ಲಿ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. ನೇಕಾರರ ಬೀದಿಯಲ್ಲಿ ನಡೆದರೆ ಪ್ರತಿ ಮನೆಯ ಒಳಗಿಂದಲೂ ಪವರ್‌ಲೂಮ್ ಸದ್ದು ಬರುತ್ತದೆ. ನಮ್ಮ ಹಿತ್ತಲ ಶೆಡ್‌ನಲ್ಲಿ ಎರಡು ಮಗ್ಗ. ಅಮ್ಮ ಕಂಡಿಕೆಗೆ ನೂಲು ಸುತ್ತುತ್ತಿದ್ದರು, ಅಪ್ಪ ಮಗ್ಗ ನೋಡಿಕೊಳ್ಳುತ್ತಿದ್ದರು. ನಾವು ಮಕ್ಕಳು ಅದೇ ಸದ್ದಿನಲ್ಲಿ ಓದಿದೆವು, ಅದೇ ಸದ್ದಿನಲ್ಲಿ ಮಲಗಿದೆವು. ಅಪ್ಪ ಮಧ್ಯಾಹ್ನ ಊಟ ಆದ ಮೇಲೆ ಶೆಡ್ಡಿನ ಬಾಗಿಲಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಅಷ್ಟು ಗದ್ದಲದಲ್ಲೂ ಗಾಢ ನಿದ್ದೆ. ಆದರೆ ಒಂದು ಎಳೆ ಕಿತ್ತರೆ ಸಾಕು, ಎದ್ದು ಕೂರುತ್ತಿದ್ದರು. ಎರಡು ಮಗ್ಗದಲ್ಲಿ ಯಾವುದು ಅಂತಲೂ ಅವರಿಗೆ ಗೊತ್ತಿರುತ್ತಿತ್ತು. ಕರೆಂಟ್ ಹೋದರೆ ಇಡೀ ಬೀದಿಯ ಮಗ್ಗಗಳು ಉಸ್ಸಂತ ನಿಂತುಬಿಡುತ್ತಿದ್ದವು. ಆಗ ಕಿವಿಯಲ್ಲಿ ಆ ಬಡಿತ ಇನ್ನೂ ಸ್ವಲ್ಪ ಹೊತ್ತು ನಡೆಯುತ್ತಲೇ ಇರುತ್ತಿತ್ತು.

ಡ್ರಮ್ ಮಷಿನ್ ಮೊದಲ ಸಲ ಕೈಗೆ ಬಂದಾಗ ನನಗೆ ನೆನಪಾದದ್ದು ಜಕಾರ್ಡ್ ಅಟ್ಟೆ. ಮಗ್ಗದ ಮೇಲೆ ತೂತು ಕೊರೆದ ಅಟ್ಟೆಗಳ ಸರಮಾಲೆ ಸುತ್ತುತ್ತಿರುತ್ತದೆ. ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಸರಮಾಲೆ ಮುಗಿದರೆ ಮತ್ತೆ ಮೊದಲಿನಿಂದ. ಸೀರೆಯ ಅಂಚಿನ ಹೂವು ಹೀಗೇ ಮರಳಿ ಮರಳಿ ಬರುತ್ತದೆ. ರೋಲಂಡ್ ಕಂಪನಿ 1983ರಲ್ಲಿ ತಂದ ಟಿಆರ್-909 ಯಂತ್ರದ ಮುಖದ ಮೇಲೆ ಸಾಲಾಗಿ 16 ಬಟನ್ ಇವೆ. ದೀಪ ಹೊತ್ತಿದ ಕಡೆ ಸದ್ದು, ಹೊತ್ತದ ಕಡೆ ಮೌನ. ಹದಿನಾರು ಮುಗಿದರೆ ಮತ್ತೆ ಒಂದು. ನನ್ನ ಬಳಿ ಇರುವುದು ಅದರ ಈಚಿನ ನಕಲು. ಹಳೇದರ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ. ಆದರೂ ಬಟನ್ ಅದೇ 16. ಅದರ ಮುಂದೆ ಕೂತಾಗ ನನಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ.

ಶುರುವಿನಲ್ಲಿ ನನ್ನ ಹತ್ತಿರ 31 ಲೂಪ್ ಇದ್ದವು. ಆಲ್ಬಂಗೆ ಉಳಿದದ್ದು 8. ಆಲ್ಬಮ್ಮಿನ ಎರಡನೇ ಟ್ರ್ಯಾಕ್‌ನ ಮೊದಲ ರೂಪದಲ್ಲಿ 43 ಚಾನೆಲ್, ಅಂದರೆ 43 ಬೇರೆ ಬೇರೆ ಸದ್ದು ಇದ್ದವು. ಮೂರು ಬಗೆಯ ಚಪ್ಪಾಳೆ, ನಾಲ್ಕು ಸಿಂಥಸೈಜರ್, ಹಿಂದೆ ಉದ್ದಕ್ಕೂ ತುಂಬಿಕೊಳ್ಳುವ ಪ್ಯಾಡ್ ಅನ್ನುವ ಒಂದು ದೊಡ್ಡ ಸದ್ದು, ಮಳೆ ಸದ್ದು, ಒಂದು ಹೆಂಗಸಿನ ಉಸಿರು. ಕೇಳೋಕೆ ಚೆನ್ನಾಗೇ ಇತ್ತು. ಆದರೆ ಒಂದು ನಿಮಿಷ ಆದ ಮೇಲೆ ಕಿವಿ ಸೋಲುತ್ತಿತ್ತು. ಹಾಗಾಗಿ ಒಂದು ನಿಯಮ ಮಾಡಿಕೊಂಡೆ. ದಿನಕ್ಕೆ ಒಂದು ಚಾನೆಲ್ ಮ್ಯೂಟ್. ಮಾರನೇ ದಿನ ಅದು ಇಲ್ಲದ್ದು ಗೊತ್ತಾಗದಿದ್ದರೆ ಅಳಿಸಿಬಿಡುವುದು. ಒಂದು ತಿಂಗಳ ಮೇಲೆ 9 ಉಳಿದವು. ಪ್ಯಾಡ್ ತೆಗೆಯೋಕೆ ಮಾತ್ರ ಮನಸ್ಸೇ ಬರಲಿಲ್ಲ. ಅದು ನನಗೆ ತುಂಬ ಇಷ್ಟದ ಸ್ವರಜೋಡಿ. ಒಂದು ಶನಿವಾರ ತೆಗೆದೆ. ಆ ಕ್ಷಣ ಹೈ-ಹ್ಯಾಟ್‌ನ ಬಾಲ ಕೇಳಿಸಿತು. ಹೊಡೆದ ಮೇಲೆ ಅದು ಆರಿ ಹೋಗುವ ಆ ಸಣ್ಣ 'ಸ್ಸ್ಸ್'. ಅಷ್ಟು ದಿನವೂ ಅದು ಅಲ್ಲೇ ಇತ್ತು, ಪ್ಯಾಡಿನ ಕೆಳಗೆ ಹೂತುಹೋಗಿತ್ತು. ಆ ಬಾಲವನ್ನು ಎಂಟು ಬಾರ್‌ಗೊಮ್ಮೆ (ಒಂದು ಬಾರ್ ಅಂದರೆ ನಾಲ್ಕು ಏಟಿನ ಒಂದು ಸುತ್ತು) ಕೂದಲೆಳೆಯಷ್ಟು ಉದ್ದ ಮಾಡಿದೆ, ಮತ್ತೆ ಗಿಡ್ಡ ಮಾಡಿದೆ. ಆ ಟ್ರ್ಯಾಕ್‌ನಲ್ಲಿ ಈಗ ಆರೂವರೆ ನಿಮಿಷ ಆಗುವುದು ಮುಖ್ಯವಾಗಿ ಅಷ್ಟೇ. ನನಗೆ ಅದು ಸಾಲುತ್ತದೆ. ಕೇಳುವವರಿಗೂ ಸಾಲುತ್ತದೆ ಅಂತ ಆಮೇಲೆ ಗೊತ್ತಾಯಿತು.

ಜಾಸ್ತಿ ಜನ ಮಿನಿಮಲ್ ಅಂದರೆ ಖಾಲಿ ಅಂದುಕೊಳ್ಳುತ್ತಾರೆ. ಆದರೆ ಇರುವುದು ಕೆಲವೇ ಸದ್ದಾದಾಗ ಒಂದೊಂದನ್ನೂ ಮಗುವಿನ ಹಾಗೆ ನೋಡಿಕೊಳ್ಳಬೇಕಾಗುತ್ತದೆ. 43 ಇದ್ದಾಗ ಯಾವುದನ್ನೂ ನೋಡಿಕೊಳ್ಳುವ ಅಗತ್ಯ ಇರಲಿಲ್ಲ.

ಆ ಡಿಸೆಂಬರ್‌ನಲ್ಲಿ ರಜೆಗೆ ಊರಿಗೆ ಹೋದೆ. ಜೇಬಿನಲ್ಲಿ ಹಿಡಿಸುವ ಒಂದು ರೆಕಾರ್ಡರ್ ಒಯ್ದಿದ್ದೆ. ಶೆಡ್ಡಿನ ಕಿಟಕಿ ಕಟ್ಟೆಯ ಮೇಲೆ ಇಟ್ಟರೆ ನೆಲದ ಅದುರು ಗೋಡೆ ಹತ್ತಿ ರೆಕಾರ್ಡಿಂಗ್‌ಗೆ ಸೇರುತ್ತಿತ್ತು. ಸ್ಟೂಲಿನ ಮೇಲೂ ಅದೇ ಕಥೆ. ಲಾಳಿ ಓಡುವ ಮಗ್ಗದ ಸದ್ದು 90 ಡೆಸಿಬಲ್ ದಾಟುತ್ತದೆ, ಹತ್ತಿರ ಇಟ್ಟರೆ ಮೈಕ್ ಒಡೆದುಹೋದ ಹಾಗೆ ಕಿರುಚುತ್ತದೆ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಹೋಗಿ ಒಂದು ಸಣ್ಣ ಹಗ್ಗ ತಂದು, ರೆಕಾರ್ಡರನ್ನು ಟವೆಲ್‌ನಲ್ಲಿ ಸುತ್ತಿ, ಮೂತಿ ಮಾತ್ರ ಹೊರಗೆ ಬಿಟ್ಟು, ತೊಲೆಗೆ ತೂಗು ಹಾಕಿದರು. "ಈಗ ಅದಕ್ಕೆ ನೆಲ ಗೊತ್ತಾಗಲ್ಲ" ಅಂದರು. ಸರಿಯಾಗಿ ಎರಡು ಮಗ್ಗದ ನಡುವೆ, ತಲೆಯ ಮೇಲೆ ಒಂದು ಅಡಿ ಎತ್ತರದಲ್ಲಿ. ಅಷ್ಟು ಚೆನ್ನಾದ ಸ್ಟೀರಿಯೋ ರೆಕಾರ್ಡಿಂಗ್ ನಾನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ಎಡಗಡೆ ಒಂದು ಮಗ್ಗ, ಬಲಗಡೆ ಒಂದು. ಹನ್ನೊಂದು ನಿಮಿಷ ಓಡಿತು. ಆಮೇಲೆ ಕರೆಂಟ್ ಹೋಯಿತು. ಎರಡೂ ಮಗ್ಗ ನಿಧಾನ ಆಗಿ, ಕೊನೆಯ ಒಂದೆರಡು ಏಟು ಹೊಡೆದು, ನಿಂತವು. ಅಡುಗೆಮನೆಯಲ್ಲಿ ಅಮ್ಮ "ಹೋಯ್ತಾ?" ಅಂದದ್ದೂ ರೆಕಾರ್ಡ್ ಆಗಿದೆ.

ಬರ್ಲಿನ್‌ಗೆ ಬಂದು ಆ ರೆಕಾರ್ಡಿಂಗ್ ತೆರೆದೆ. ಸಾಮಾನ್ಯವಾಗಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಚೆನ್ನಾಗಿದ್ದ ಒಂದು ಏಟನ್ನು ಕತ್ತರಿಸಿ, ಡ್ರಮ್ ಮಷಿನ್‌ಗೆ ಹಾಕಿ, 126 ಬಿಪಿಎಂಗೆ, ಅಂದರೆ ನಿಮಿಷಕ್ಕೆ 126 ಏಟಿಗೆ ಹೊಂದಿಸಿ, ಗೆರೆ ಎಳೆದ ಹಾಗೆ ಓಡಿಸಿದೆ. ಅದರ ಮೇಲೆ ಕಿಕ್. ಕೇಳೋಕೆ ಅಚ್ಚುಕಟ್ಟಾಗಿತ್ತು. ಖುಷಿಯಿಂದ ಅಪ್ಪನಿಗೆ ಫೋನಿನಲ್ಲಿ ಕಳಿಸಿದೆ. ರಾತ್ರಿ ಫೋನ್ ಮಾಡಿದರು.

"ಇದು ನಮ್ಮ ಮಗ್ಗ ಅಲ್ಲ ಕಣೋ" ಅಂದರು.

"ನಮ್ಮದೇ ಅಪ್ಪ, ಎಡಗಡೇದು" ಅಂದೆ.

"ಸದ್ದು ಅದರದೇ ಇರಬಹುದು. ಆದರೆ ಮಗ್ಗ ಹೀಗೆ ಒಂದೇ ಸಮ ಬಡಿಯಲ್ಲ. ಲಾಳಿ ಹೋಗೋವಾಗ ಒಂದು ಥರ, ಬರೋವಾಗ ಒಂದು ಥರ. ಕಂಡಿಕೆ ತುಂಬಿದ್ದಾಗ ಒಂದು ಥರ, ಖಾಲಿ ಆಗ್ತಾ ಬಂದಾಗ ಒಂದು ಥರ. ವೋಲ್ಟೇಜ್ ಇಳಿದರೆ ಇನ್ನೊಂದು ಥರ. ಎರಡು ಮಗ್ಗ ಯಾವತ್ತೂ ಜೊತೆಗೆ ಹೋಗಲ್ಲ, ಆಗಾಗ ಸೇರ್ತವೆ, ಬಿಡ್ತವೆ."

ಅಪ್ಪ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿದೆ. ಮಾಡಿದ್ದನ್ನು ತೆಗೆದುಹಾಕಿ, ಹನ್ನೊಂದು ನಿಮಿಷದ ರೆಕಾರ್ಡಿಂಗನ್ನು ಕತ್ತರಿಸದೆ ಇಡಿಯಾಗಿ ತೆಗೆದುಕೊಂಡೆ. ಮಗ್ಗ ಡ್ರಮ್ ಮಷಿನ್ನಿನ ಹಿಂದೆ ಹೋಗುವ ಬದಲು ಡ್ರಮ್ ಮಷಿನ್ನೇ ಮಗ್ಗದ ಹಿಂದೆ ಹೋಗಬೇಕು ಅಂತ ತೀರ್ಮಾನಿಸಿದೆ. ಅದಕ್ಕೆ ಪ್ರತಿ ಏಟಿನ ಜಾಗವನ್ನೂ ಗುರುತು ಮಾಡಬೇಕಿತ್ತು. ಸಾಫ್ಟ್‌ವೇರ್ ತಾನೇ ಗುರುತಿಸುತ್ತದೆ, ನಿಜ. ಆದರೆ ಎರಡು ಮಗ್ಗದ ಸದ್ದು ಕಲಸಿದ್ದರಿಂದ ಅದು ಎಡ ಬಲ ಬೆರೆಸಿ ಗುರುತಿಸುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು, ಎಡಗಡೆಯ ಮಗ್ಗದ ಏಟುಗಳನ್ನು ನಾನೇ ಒಂದೊಂದಾಗಿ ಗುರುತು ಹಾಕಿದೆ. ಒಟ್ಟು 1,300ಕ್ಕೂ ಜಾಸ್ತಿ. ಎರಡು ವಾರಾಂತ್ಯ ಹಿಡಿಯಿತು. ಮುಗಿದ ಮೇಲೆ ನೋಡಿದರೆ, ಮಗ್ಗ ನಿಮಿಷಕ್ಕೆ 121 ಏಟಿನಿಂದ ಶುರುವಾಗಿ ಕೊನೆಯಲ್ಲಿ 118ಕ್ಕೆ ಬಂದಿತ್ತು. ಸಂಜೆ ಹೊತ್ತು, ಊರಿನಲ್ಲಿ ಎಲ್ಲರ ಮನೆಯಲ್ಲೂ ದೀಪ ಹಚ್ಚುವ ಸಮಯ. ಕಿವಿಗೆ ಆ ಇಳಿತ ಗೊತ್ತಾಗುವುದಿಲ್ಲ. ಮೈಗೆ ಗೊತ್ತಾಗುತ್ತದೆ. ಕಿಕ್ ಅದರ ಜೊತೆ ನಿಧಾನವಾಗುತ್ತಾ ಹೋದಾಗ ಭುಜ ತಾನಾಗೇ ಸಡಿಲ ಆಗುತ್ತದೆ.

ಆಲ್ಬಮ್ಮಿನ ಏಳನೇ ಟ್ರ್ಯಾಕ್ ಅದೇ. ಕೊನೆಗೆ ಕರೆಂಟ್ ಹೋಗುವುದನ್ನೂ ಹಾಗೇ ಬಿಟ್ಟಿದ್ದೇನೆ. ಅಮ್ಮನ ಮಾತು ಮಾತ್ರ ತೆಗೆದೆ. ಅದು ಮನೆಯದು, ಮನೆಯಲ್ಲೇ ಇರಲಿ ಅನ್ನಿಸಿತು.

ಉಳಿದ ಟ್ರ್ಯಾಕ್‌ಗಳ ಮೇಲೂ ಅಪ್ಪನ ಮಾತು ಕೆಲಸ ಮಾಡಿತು. "ಆಗಾಗ ಸೇರ್ತವೆ, ಬಿಡ್ತವೆ" ಅನ್ನುವುದನ್ನು ಯಂತ್ರದಲ್ಲೇ ಮಾಡಬಹುದು. ಕಿಕ್ 16 ಹೆಜ್ಜೆಯ ಲೂಪ್‌ನಲ್ಲಿ ಇರಲಿ. ಅದರ ಮೇಲೆ ಒಂದು ಸಣ್ಣ ಮರದ ಸದ್ದನ್ನು 7 ಹೆಜ್ಜೆಯ ಲೂಪ್‌ನಲ್ಲಿ ಬಿಡಿ. ತಕಿಟ ತಕಧಿಮಿ, ನಮ್ಮ ಮಿಶ್ರ ಛಾಪು. ಎರಡೂ ಒಟ್ಟಿಗೆ ಶುರುವಾಗುತ್ತವೆ, ಕೂಡಲೇ ದಾರಿ ಬೇರೆ. ಮತ್ತೆ ಒಂದೇ ಏಟಿನಲ್ಲಿ ಸೇರುವುದು 112 ಹೆಜ್ಜೆ ಆದ ಮೇಲೆ, ಅಂದರೆ 7 ಬಾರ್. 126ರ ವೇಗದಲ್ಲಿ ಅದು ಸುಮಾರು 13 ಸೆಕೆಂಡ್. ಜೊತೆಗೆ 5 ಹೆಜ್ಜೆಯ ಇನ್ನೊಂದು ಲೂಪ್, ನಮ್ಮ ಖಂಡ ಛಾಪಿನ ಅಳತೆಯದು, ಸೇರಿಸಿದರೆ ಮೂರೂ ಒಂದಾಗುವುದಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಕೇಳುವವರು ಎಣಿಸುವುದಿಲ್ಲ. ಆದರೆ ಆ ಸೇರುವ ಏಟು ಬಂದಾಗ ತಲೆ ತಾನೇ ಆಡುತ್ತದೆ. ಸಂಗೀತ ಕಛೇರಿಯಲ್ಲಿ ಮೃದಂಗದ ತನಿ ಮುಗಿದು ಸಮಕ್ಕೆ ಬಂದಾಗ ಸಭೆಯ ಕೈ ತೊಡೆಗೆ ಬೀಳುತ್ತದಲ್ವಾ, ಅದೇ. ನಾಲ್ಕನೇ ಟ್ರ್ಯಾಕ್ ಪೂರ್ತಿ ಈ ಮೂರು ಲೂಪ್‌ಗಳ ಆಟ, ಬೇರೇನೂ ಇಲ್ಲ.

ಭಾರತದವನು ಟೆಕ್ನೋ ಮಾಡುವುದೇ ಅಂತ ಇಲ್ಲಿ ಕೆಲವರು ಹುಬ್ಬೇರಿಸುತ್ತಾರೆ. ನಾನು ಅವರಿಗೆ ಮುಂಬೈಯ ಚರಣ್‌ಜಿತ್ ಸಿಂಗ್ ಹೆಸರು ಹೇಳುತ್ತೇನೆ. ಹಿಂದಿ ಸಿನಿಮಾ ವಾದ್ಯಗೋಷ್ಠಿಯಲ್ಲಿ ನುಡಿಸುತ್ತಿದ್ದವರು. 1982ರಲ್ಲೇ ಅವರು ರೋಲಂಡ್ ಕಂಪನಿಯ ಟಿಬಿ-303 ಬೇಸ್ ಯಂತ್ರ ಮತ್ತು ಟಿಆರ್-808 ಡ್ರಮ್ ಮಷಿನ್ ಇಟ್ಟುಕೊಂಡು ಹತ್ತು ರಾಗಗಳನ್ನು ರೆಕಾರ್ಡ್ ಮಾಡಿದ್ದರು. ಅದೇ ಯಂತ್ರಗಳಿಂದ ಷಿಕಾಗೋದಲ್ಲಿ ಆಸಿಡ್ ಹೌಸ್ ಎಂಬ ನೃತ್ಯ ಸಂಗೀತ ಹುಟ್ಟಿದ್ದು ಆಮೇಲೆ.

ರೆಕಾರ್ಡ್ ಮಾಡಿದ ಬಗೆ ಹೀಗೆ. ಲೂಪ್‌ಗಳು ಸಿದ್ಧವಾದ ಮೇಲೆ ಕಂಪ್ಯೂಟರ್ ಪರದೆ ಆರಿಸಿಬಿಡುತ್ತಿದ್ದೆ. ಮಿಕ್ಸರ್ ಮುಂದೆ ನಿಂತು, ಕೈಯಲ್ಲೇ ಸದ್ದುಗಳನ್ನು ತರುವುದು, ತೆಗೆಯುವುದು. ಒಂದು ಟೇಕ್ 20 ನಿಮಿಷ. ತಪ್ಪಿದರೆ ಮತ್ತೆ ಮೊದಲಿನಿಂದ. ಜರ್ಮನಿಯಲ್ಲಿ ರಾತ್ರಿ 10ರ ಮೇಲೆ ನೆರೆಹೊರೆಗೆ ಸದ್ದು ಕೇಳಿಸಬಾರದು, ಅದು ಕಟ್ಟುನಿಟ್ಟು. ಹಾಗಾಗಿ ಶನಿವಾರ ಹಗಲು ಮಾತ್ರ ಸ್ಪೀಕರ್, ಉಳಿದ ದಿನ ಹೆಡ್‌ಫೋನ್. ಐದನೇ ಟ್ರ್ಯಾಕ್‌ಗೆ 14 ಟೇಕ್ ಆದವು. ಹನ್ನೊಂದನೆಯದರಲ್ಲಿ ಸದ್ದು ಸೋಸುವ ಫಿಲ್ಟರ್ ತಿರುಗಿಸುವ ಕೈ ಒಂದು ಬಾರ್ ತಡವಾಗಿ ಹೋಗಿತ್ತು. ಬರಬೇಕಾದದ್ದು ಬರಲಿಲ್ಲ, ಮತ್ತೆ ಒಂದು ಸುತ್ತು ಕಾಯಿಸಿ ಬಂತು. ಆ ಕಾಯುವಿಕೆ ನನಗೆ ಹಿಡಿಸಿತು. ಆಲ್ಬಮ್ಮಿನಲ್ಲಿ ಇರುವುದು ಆ ಹನ್ನೊಂದನೇ ಟೇಕ್‌ನ ತುಂಡು.

ಹೀಗೆ ಎರಡು ಚಳಿಗಾಲ ಹೋದವು. ಕತ್ತಲು ಸಂಜೆ ನಾಲ್ಕಕ್ಕೇ ಬರುವ ಊರಿನಲ್ಲಿ ಇಂಥ ಕೆಲಸಕ್ಕೆ ಚಳಿಗಾಲವೇ ಸರಿ. ಎರಡನೇ ಚಳಿಗಾಲದ ಕೊನೆಗೆ, 2024ರ ಮಾರ್ಚ್‌ನಲ್ಲಿ, ಬರ್ಲಿನ್‌ನ ಟೆಕ್ನೋ ಸಂಸ್ಕೃತಿಯನ್ನು ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದರು. ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿ ಬಂದು ನನಗೆ ಕೈಕುಲುಕಿದ. ನಾನು ಈ ಊರಿಗೆ ಸೇರಿದವನು ಅಂತ ಅವತ್ತು ಮೊದಲ ಸಲ ಅನ್ನಿಸಿತು.

11 ಲೇಬಲ್‌ಗಳಿಗೆ, ಅಂದರೆ ಸಂಗೀತ ಹೊರತರುವ ಕಂಪನಿಗಳಿಗೆ ಕಳಿಸಿದೆ. ಎರಡು ಉತ್ತರ ಬಂದವು, ಎರಡೂ ಇಲ್ಲ ಅಂತ. ಒಂದರಲ್ಲಿ ಮಾತ್ರ, ಏಳನೇ ಟ್ರ್ಯಾಕನ್ನು ಪೂರ್ತಿ ಕೇಳಿದೆ ಅಂತ ಒಂದು ಸಾಲು ಇತ್ತು. ಆ ಸಾಲು ಹಿಡಿದುಕೊಂಡು ನಾನೇ ಹೊರತರುವುದು ಅಂತ ನಿಶ್ಚಯ ಮಾಡಿದೆ. ಡಿಜಿಟಲ್ ಜೊತೆ 300 ಪ್ರತಿ ರೆಕಾರ್ಡ್, ಸೂಜಿ ಇಟ್ಟು ಕೇಳುವ ತಟ್ಟೆ. ಅದಕ್ಕೆ ತಿಂಗಳ ಸಂಬಳಕ್ಕಿಂತ ಜಾಸ್ತಿ ಹೋಯಿತು. ಕೊರಗಿಲ್ಲ.

ರೆಕಾರ್ಡ್ ಒತ್ತುವ ಕೆಲಸ ಬೇರೆಯೇ ವಿದ್ಯೆ. ಮೊದಲು ಮಾಸ್ಟರಿಂಗ್, ಅಂದರೆ ಒತ್ತುವ ಮುಂಚೆ ಸದ್ದನ್ನು ಕೊನೆಯ ಸಲ ಹದ ಮಾಡುವುದು. ಮಾಸ್ಟರಿಂಗ್ ಮಾಡಿದವರು ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿ ಇರುವವರು. ಫೈಲ್‌ಗಳನ್ನು ಸದ್ದು ತುದಿ ಮುಟ್ಟದ ಹಾಗೆ ಸ್ವಲ್ಪ ಜಾಗ ಬಿಟ್ಟು ಕಳಿಸು ಅಂದರು. ಕೇಳಿದ ಮೇಲೆ ಮೊದಲ ಪ್ರಶ್ನೆ: "ನಿನ್ನ ಬೇಸ್ ಯಾಕೆ ಎಡ ಬಲ ಓಡಾಡುತ್ತಿದೆ?" ರೆಕಾರ್ಡಿನ ಗೆರೆಯಲ್ಲಿ ಎರಡು ಚಾನೆಲ್‌ನ ವ್ಯತ್ಯಾಸ ಸೂಜಿಯನ್ನು ಮೇಲೆ ಕೆಳಗೆ ಎತ್ತುತ್ತದೆ. ಅಷ್ಟು ಶಕ್ತಿಯ ಬೇಸ್ ಹಾಗೆ ಓಡಾಡಿದರೆ ಸೂಜಿ ಗೆರೆ ಬಿಟ್ಟು ಎಗರಬಹುದು. ಕೆಳಗಿನ ಸದ್ದನ್ನೆಲ್ಲ ನಡುವಿಗೆ ತಂದೆ. ಎರಡು ಮಗ್ಗವನ್ನು ಎಡ ಬಲ ಇಟ್ಟಿದ್ದೆನಲ್ಲ, ಅವುಗಳ ನೆಲದ ಗುದ್ದು ಮಾತ್ರ ನಡುವಿಗೆ ಬಂತು, ಲಾಳಿಯ ಸದ್ದು ಅಲ್ಲಲ್ಲೇ ಉಳಿಯಿತು.

ಟ್ರ್ಯಾಕ್‌ಗಳ ಸಾಲು ಬದಲಾಯಿಸಿದ್ದೂ ಅವರ ಮಾತಿನಿಂದಲೇ. ಹನ್ನೆರಡು ಇಂಚಿನ ರೆಕಾರ್ಡ್ ನಿಮಿಷಕ್ಕೆ 33 ಸುತ್ತು ಹಾಕುವಾಗ, ಹೊರ ಅಂಚಿನಲ್ಲಿ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡುತ್ತದೆ. ಒಳಗೆ ನಡುವಿನ ಕಾಗದದ ಲೇಬಲ್ ಹತ್ತಿರ ಬಂದಾಗ ಸುಮಾರು 20. ಜಾಗ ಕಡಿಮೆ ಆದಷ್ಟೂ ಮೇಲಿನ ಸದ್ದು ಮಸುಕಾಗುತ್ತದೆ. ಹೈ-ಹ್ಯಾಟ್‌ನ ಬಾಲವೇ ಮುಖ್ಯವಾದ ಎರಡನೇ ಟ್ರ್ಯಾಕನ್ನು ನಾನು ಮೊದಲ ಬದಿಯ ಕೊನೆಗೆ ಇಟ್ಟಿದ್ದೆ! ಅದನ್ನು ಎರಡನೇ ಬದಿಯ ಶುರುವಿಗೆ ತಂದೆ. ಒಟ್ಟು 52 ನಿಮಿಷ, ಎರಡು ರೆಕಾರ್ಡ್, ನಾಲ್ಕು ಬದಿ, ಬದಿಗೆ 13 ನಿಮಿಷದ ಹಾಗೆ ಹೊಂದಿಸಿದೆವು. ಇನ್ನೂ ಜಾಸ್ತಿ ತುಂಬಬಹುದಿತ್ತು. ಆದರೆ ಗೆರೆ ಕಿರಿದಾದಷ್ಟೂ ಸದ್ದು ಸಣ್ಣ ಆಗುತ್ತದೆ. ನೃತ್ಯದ ರೆಕಾರ್ಡ್‌ಗೆ ಅದು ಆಗದು.

ಆರು ವಾರದ ಮೇಲೆ ಟೆಸ್ಟ್ ಪ್ರೆಸ್ಸಿಂಗ್, ಅಂದರೆ ಪರೀಕ್ಷೆಗೆ ಒತ್ತಿದ ಪ್ರತಿ ಬಂತು. ಐದು ಪ್ರತಿ, ಬಿಳೀ ಲೇಬಲ್. ಕೈ ತೊಳೆದುಕೊಂಡು ಬಂದು ಸೂಜಿ ಇಟ್ಟೆ. ಮೊದಲ ಎರಡು ಬದಿ ಚೆನ್ನಾಗಿದ್ದವು. ಮೂರನೇ ಬದಿಯಲ್ಲಿ ಆರನೇ ಟ್ರ್ಯಾಕ್, ಒಂದೇ ಒಂದು ಸ್ವರ ಉದ್ದಕ್ಕೂ ತಂಬೂರಿಯಂತೆ ನಿಲ್ಲುವಂಥದ್ದು. ಆ ಸ್ವರ ಅಲುಗುತ್ತಿತ್ತು. ತುಂಬ ಸಣ್ಣಗೆ ಮೇಲೆ ಕೆಳಗೆ. ಮಿಕ್ಸ್‌ನಲ್ಲಿ ನಾನೇ ಏನೋ ಮಾಡಿರಬೇಕು ಅಂತ ಎರಡು ದಿನ ಫೈಲ್‌ಗಳನ್ನು ಹುಡುಕಿದೆ. ಆ ಟ್ರ್ಯಾಕ್‌ನ ಒಂದು ಬಾರ್ 1.9 ಸೆಕೆಂಡ್. ಅಲುಗಾಟ ಬಾರ್ ಜೊತೆಗೇ ಬರುತ್ತಿದೆ ಅನ್ನಿಸುತ್ತಿತ್ತು, ಸ್ವಲ್ಪ ಹೊತ್ತಿನಲ್ಲಿ ಜಾರುತ್ತಿತ್ತು. ಕೊನೆಗೆ ಅಲುಗಾಟವನ್ನೇ ಎಣಿಸಿದೆ. 1.8 ಸೆಕೆಂಡಿಗೊಮ್ಮೆ. ಅಂದರೆ ರೆಕಾರ್ಡಿನ ಒಂದು ಸುತ್ತು. ತಪ್ಪು ನನ್ನದಲ್ಲ. ನಡುವಿನ ತೂತು ಸರಿಯಾದ ಜಾಗದಲ್ಲಿ ಇರಲಿಲ್ಲ. ಸೂಜಿ ಒಳಗೆ ಹೊರಗೆ ತೂಗಾಡುವುದು ಕಣ್ಣಿಗೇ ಕಾಣುತ್ತಿತ್ತು, ನಾನು ಅಲ್ಲಿವರೆಗೆ ನೋಡಿರಲಿಲ್ಲ ಅಷ್ಟೇ.

ರೆಕಾರ್ಡ್ ಒತ್ತಿದ ಕಾರ್ಖಾನೆಯವರು ಮೊದಲು ಒಪ್ಪಲಿಲ್ಲ. ಅಷ್ಟು ವ್ಯತ್ಯಾಸ ಮಾಮೂಲು ಅಂದರು. ಡಿಸ್ಕೋ ಬೀಟ್ ಆಗಿದ್ದರೆ ಗೊತ್ತೂ ಆಗುತ್ತಿರಲಿಲ್ಲವೇನೋ. ನನ್ನದರಲ್ಲಿ ಇರುವುದೇ ಆ ಒಂದು ಸ್ವರ. ಅದು ಅಲುಗಿದರೆ ಉಳಿಯುವುದೇನು? ವಿಡಿಯೋ ಮಾಡಿ, ಅಳತೆ ಕಳಿಸಿ, ನಾಲ್ಕು ಸಲ ಬರೆದ ಮೇಲೆ ಮತ್ತೆ ಒತ್ತಿಕೊಡುತ್ತೇವೆ ಅಂದರು. ಹತ್ತು ವಾರ ತಡವಾಯಿತು. ಹೊಸ ಟೆಸ್ಟ್ ಪ್ರೆಸ್ಸಿಂಗ್ ಬಂದಾಗ ಆ ಸ್ವರ ನೆಟ್ಟ ಕಂಬದ ಹಾಗೆ ನಿಂತಿತ್ತು. ಪೂರ್ತಿ ಆರು ನಿಮಿಷ ಕಣ್ಣು ಮುಚ್ಚಿ ಕೇಳಿದೆ.

300 ಪ್ರತಿ, ಎರಡೆರಡು ರೆಕಾರ್ಡ್. ಕವರ್ ಸೇರಿ ಒಟ್ಟು ಸುಮಾರು 140 ಕಿಲೋ. ಲಾರಿಯವನು ಕೆಳಗಿನ ಬಾಗಿಲಲ್ಲಿ ಇಳಿಸಿ ಹೋದ. ನಾಲ್ಕು ಮಹಡಿ, 15 ಪೆಟ್ಟಿಗೆ. ಎರಡನೇ ಮಹಡಿಯ ಅಜ್ಜಿ ಬಾಗಿಲು ತೆಗೆದು ನೋಡಿದರು, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು. ಮಾರನೇ ದಿನ ಕ್ರಾಯ್ಟ್ಸ್‌ಬರ್ಗ್‌ನ ಒಂದು ಅಂಗಡಿಗೆ ಪ್ರತಿ ಒಯ್ದೆ. ಅಲ್ಲಿನ ಖರೀದಿದಾರ ಹೆಡ್‌ಫೋನ್ ಹಾಕಿ ಸೂಜಿ ಇಟ್ಟ. ಒಂದೊಂದು ಬದಿಗೂ ಅರ್ಧ ನಿಮಿಷ. ನಾಲ್ಕನೇ ಬದಿಗೆ ಬಂದಾಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ, ಕೇಳುತ್ತಲೇ ಇದ್ದ. ಇದು ಏನು ಯಂತ್ರ ಅಂತ ಕೇಳಿದ. ನಮ್ಮ ಮನೆಯ ಮಗ್ಗ ಅಂದೆ. ಹತ್ತು ಪ್ರತಿ ತೆಗೆದುಕೊಂಡ.

ಮೊದಲ ಸಲ ಜನರ ಮುಂದೆ ಹಾಕಿದ್ದು ನಮ್ಮ ಮನೆಯಿಂದ ಹತ್ತು ನಿಮಿಷ ದೂರದ ಒಂದು ಬಾರ್‌ನ ನೆಲಮಾಳಿಗೆಯಲ್ಲಿ. ಗುರುವಾರ ರಾತ್ರಿ, ನಲವತ್ತು ಜನ ಇದ್ದಿರಬಹುದು. ಸೀಲಿಂಗ್ ಎಷ್ಟು ತಗ್ಗು ಅಂದರೆ ಕೈ ಎತ್ತಿದರೆ ತಾಗುತ್ತಿತ್ತು. ಬಾಗಿಲಲ್ಲಿ ಎಲ್ಲರ ಫೋನ್ ಕ್ಯಾಮೆರಾಗೂ ಸ್ಟಿಕ್ಕರ್ ಅಂಟಿಸುತ್ತಿದ್ದರು. ಕೊನೆಗೆ ಏಳನೇ ಟ್ರ್ಯಾಕ್ ಹಾಕಿದೆ. ಹನ್ನೊಂದು ನಿಮಿಷದ ರೆಕಾರ್ಡಿಂಗಿನಿಂದ ಏಳು ನಿಮಿಷವನ್ನು ಒಂದೇ ಪಟ್ಟಾಗಿ ಇಟ್ಟುಕೊಂಡಿದ್ದೆ, ಕೊನೆಯ ಏಳು. ಮಗ್ಗ ನಿಧಾನ ಆಗುತ್ತಾ ಬಂತು, ಜನರೂ ಅದರ ಜೊತೆ ನಿಧಾನ ಆದರು. ಆಮೇಲೆ ಕರೆಂಟ್ ಹೋಯಿತು. ಕೊನೆಯ ಏಟು ಬಿತ್ತು. ಸದ್ದೇ ಇಲ್ಲ.

ಸ್ಪೀಕರ್ ಪಕ್ಕದ ಕಂಬಕ್ಕೆ ಒರಗಿದ್ದ ಒಬ್ಬ ಹೆಂಗಸು ಕಣ್ಣು ಮುಚ್ಚಿಕೊಂಡೇ ಕಂಬದ ಮೇಲೆ ಬೆರಳಲ್ಲಿ ಬಡಿಯುತ್ತಿದ್ದಳು. ಮಗ್ಗ ನಿಂತ ಮೇಲೂ ಅವಳ ಬೆರಳು ನಿಲ್ಲಲಿಲ್ಲ. ಅದೇ ಲಯ, ಅದೇ ಬಿಡುವು. ನನ್ನ ಕೈಯಲ್ಲಿ ಮುಂದಿನ ರೆಕಾರ್ಡ್ ಸಿದ್ಧವಾಗಿತ್ತು. ಅವಳ ಬೆರಳನ್ನೇ ನೋಡುತ್ತಾ ವೇಗ ಹೊಂದಿಸಿದೆ, ಅವಳ ಏಟು ಬೀಳುವ ಜಾಗಕ್ಕೇ ಕಿಕ್ ಬೀಳುವ ಹಾಗೆ ರೆಕಾರ್ಡ್ ಬಿಟ್ಟೆ.